ಕಾಲು ತೊಳೆದುಕೊಂಡು ಹೋಗುವ ಕಾಡು

ಆಕ್ಲೆಂಡಿನಲ್ಲಿರುವ ಕನ್ನಡದವರ ಮನೆಗೆ ಊರಿಂದ ಅಪ್ಪ-ಅಮ್ಮ ಬಂದರೆ ಎಲ್ಲೆಲ್ಲಿ ಕರೆದುಕೊಂಡು ಹೋಗಬೇಕು ಅನ್ನೋದಕ್ಕೆ ಒಂದು ಪಟ್ಟಿ ಹೆಚ್ಚುಕಮ್ಮಿ ರೆಡಿಯಾಗಿಯೇ ಇರುತ್ತದೆ. ಸ್ಕೈ ಟವರ್, ರೊಟೊರುವಾದ ಬಿಸಿನೀರಿನ ಬುಗ್ಗೆ, ಸಿನಿಮಾಕ್ಕೆಂದು ಕಟ್ಟಿದ ಹಾಬಿಟನ್ ಊರು, ಒಂದು ಭಾನುವಾರ ದೇವಸ್ಥಾನ, ಇನ್ನೊಂದು ಭಾನುವಾರ ಕನ್ನಡದವರ ಮನೆಯಲ್ಲಿ ಊಟ. ನಮ್ಮ ಅಪ್ಪಯ್ಯ ಮೊದಲನೇ ವಾರದಲ್ಲೇ ಟವರ್ ಹತ್ತಿ ಇಳಿದು, "ಚಂದ ಇದೆ, ಆದ್ರೆ ಇದು ಬೆಂಗ್ಳೂರಲ್ಲೂ ಕಟ್ಟಬೌದು. ಇಲ್ಲಿ ಕಾಡು ಇಲ್ವನೇ?" ಅಂತ ಕೇಳಿದ್ರು.

ಅಪ್ಪಯ್ಯನದ್ದು ತೀರ್ಥಹಳ್ಳಿ ತಾಲೂಕಿನಲ್ಲಿ ಮೂರು ಎಕರೆ ಅಡಿಕೆ ತೋಟ, ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಹಿಂದೆ ಸೊಪ್ಪಿನ ಬೆಟ್ಟ. ಅದರಾಚೆಗೆ ದೊಡ್ಡ ಕಾಡು. ಬದುಕಿನ ಅರವತ್ತೈದು ವರ್ಷ ಕಾಡಿನ ಅಂಚಿನಲ್ಲೇ ಕಳೆದವರು. ಕೊಯ್ಲು, ಸುಲಿಯೋದು, ಬೇಯಿಸೋದು ಎಲ್ಲ ಮುಗಿಸಿ ಮಾರ್ಚಿನಲ್ಲಿ ಬಂದವರು ಮೇ ಕೊನೆಯ ಒಳಗೆ ವಾಪಸ್ ಹೋಗಲೇಬೇಕಿತ್ತು. ಮಳೆ ಹಿಡಿಯುವ ಮೊದಲು ಔಷಧಿ ಹೊಡೆಸಬೇಕಲ್ಲ.

ಕಾಡು ನಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲೇ ಇದೆ. ಹೆಸರು ವೈತಾಕೆರೆ. "ಯಾವ ಕೆರೆ?" ಅಂತ ಅಮ್ಮ ಕೇಳಿದಳು. ಕೆರೆ ಅಲ್ಲ, ಬೆಟ್ಟಸಾಲು. ಆದರೆ ಅಲ್ಲಿಗೆ ಕರೆದುಕೊಂಡು ಹೋಗೋದಕ್ಕೆ ನನಗೆ ಅಷ್ಟು ಉಮೇದು ಬರಲಿಲ್ಲ. 2017ರ ಡಿಸೆಂಬರಿನಲ್ಲಿ ಅಲ್ಲಿನ ಮೂಲನಿವಾಸಿ ಮಾವೊರಿ ಬುಡಕಟ್ಟಾದ ತೆ ಕಾವೆರೌ ಆ ಮಾಕಿಯವರು ಆ ಕಾಡಿನ ಮೇಲೆ 'ರಾಹುಯಿ' ಹಾಕಿದರು. ರಾಹುಯಿ ಅಂದರೆ ಹಿರಿಯರು ಒಂದು ಜಾಗಕ್ಕೆ ಹಾಕುವ ನಿಷೇಧ. ಕಾಡಿಗೆ ಹುಷಾರಿಲ್ಲ, ಯಾರೂ ಕಾಲಿಡಬೇಡಿ ಅಂತ. ಮರುವರ್ಷ ನಗರಸಭೆಯವರೂ ಹೆಚ್ಚಿನ ಕಾಲುದಾರಿಗಳನ್ನು ಮುಚ್ಚಿದರು. ಆಮೇಲೆ ಒಂದೊಂದೇ ದಾರಿಗೆ ಜಲ್ಲಿ, ಹಲಗೆ ಹಾಸಿ ಕೆಲವನ್ನು ತೆರೆದಿದ್ದಾರೆ. ಮುಚ್ಚಿದ್ದಕ್ಕೆ ಕಾರಣ ಒಂದು ರೋಗ. ಅದರ ಕತೆ ಮುಂದೆ ಬರುತ್ತದೆ.

ಹಾಗಾಗಿ ಉತ್ತರಕ್ಕೆ ಇನ್ನೂ ದೂರದ ವೈಪೊವಾ ಕಾಡಿಗೆ ಹೊರಟೆವು. ಅಲ್ಲಿ ನ್ಯೂಜಿಲೆಂಡಿನಲ್ಲಿ ಈಗ ಬದುಕಿರುವ ಅತಿ ದೊಡ್ಡ ಕೌರಿ ಮರ ಇದೆ. 'ಕೌರಿ' ಅಂದದ್ದು ಅಮ್ಮನ ಕಿವಿಗೆ 'ಗೌರಿ' ಅಂತಲೇ ಬಿತ್ತು. ಇವತ್ತಿಗೂ ನಮ್ಮನೆಯಲ್ಲಿ ಅದು ಗೌರಿ ಮರವೇ.

ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಮೊದಲ ಎರಡು ಗಂಟೆ ಅಪ್ಪಯ್ಯ ಕಿಟಕಿಯಿಂದ ಹೊರಗೆ ನೋಡ್ತಾ ಸುಮ್ಮನೆ ಕೂತಿದ್ರು. ಎಲ್ಲಿ ನೋಡಿದರೂ ಹಸಿರು ಹುಲ್ಲು, ದನ, ಕುರಿ, ಕತ್ತರಿಸಿ ಜೋಡಿಸಿದಂಥ ಪೈನ್ ಮರದ ನೆಡುತೋಪು. ಬಂದವರೆಲ್ಲ "ಎಷ್ಟು ಹಸಿರು!" ಅಂತ ಉದ್ಗರಿಸುವ ದೃಶ್ಯ ಅದು. ಅಪ್ಪಯ್ಯ ಮಾತ್ರ, "ಇದೆಲ್ಲ ಮೊದಲು ಕಾಡೇ ಇತ್ತು, ಅಲ್ವನೇ?" ಅಂದ್ರು. ತೋಟ ಮಾಡುವವರ ಕಣ್ಣು ಬೇರೆ. ಹೌದು, ಇತ್ತು. ಮನುಷ್ಯರು ಇಲ್ಲಿಗೆ ಬರುವ ಮೊದಲು ಉತ್ತರ ದ್ವೀಪದ ಮೇಲ್ಭಾಗದಲ್ಲಿ ಕೌರಿ ಕಾಡು ಸುಮಾರು 12 ಲಕ್ಷ ಹೆಕ್ಟೇರ್ ಹಬ್ಬಿತ್ತು ಅಂತ ಅಂದಾಜು. ಕೊಡಲಿ ತಾಗದ ಹಳೆಯ ಕಾಡು ಅದರಲ್ಲಿ ಈಗ ಉಳಿದಿರೋದು ಶೇಕಡಾ ಒಂದಕ್ಕಿಂತ ಕಡಿಮೆ.

ಹೇಗೆ ಹೋಯಿತು ಅನ್ನೋದನ್ನು ನೋಡಬೇಕಾದರೆ ದಾರಿಯಲ್ಲಿ ಸಿಗುವ ಮಾಟಕೊಹೆ ಊರಿನ ಕೌರಿ ಮ್ಯೂಸಿಯಮ್ಮಿಗೆ ಹೋಗಬೇಕು. ಕೌರಿಯ ಕಾಂಡ ನೆಟ್ಟಗೆ, ಗಂಟಿಲ್ಲದೆ ಬೆಳೆಯುತ್ತದೆ. ಬೆಳೆಯುತ್ತಾ ಕೆಳಗಿನ ಕೊಂಬೆಗಳನ್ನು ತಾನೇ ಉದುರಿಸಿಕೊಳ್ಳುತ್ತದೆ. ಹಡಗಿನ ಪಟಸ್ತಂಭಕ್ಕೆ ಇದಕ್ಕಿಂತ ಒಳ್ಳೆಯ ಮರ ಇಲ್ಲ ಅಂತ ಬ್ರಿಟಿಷ್ ನೌಕಾದಳದವರು ಮೊದಲು ಬಂದರು. ಆಮೇಲೆ ಮನೆ, ದೋಣಿ, ಸೇತುವೆ ಎಲ್ಲಕ್ಕೂ ಕೌರಿಯೇ. ಬೆಟ್ಟದ ಹಳ್ಳಗಳಿಗೆ ಮರದ ಅಣೆಕಟ್ಟು ಕಟ್ಟಿ, ನೀರು ತುಂಬಿಸಿ, ಒಮ್ಮೆಲೇ ಬಿಟ್ಟು ದಿಮ್ಮಿಗಳನ್ನು ಕೆಳಗೆ ತೇಲಿಸುತ್ತಿದ್ದರಂತೆ. ಆಕ್ಲೆಂಡಿನ ಹಳೆಯ ಮನೆಗಳ ನೆಲದ ಹಲಗೆ ಕೌರಿಯದ್ದು. ನಾವು ಮೊದಲು ಬಾಡಿಗೆಗಿದ್ದ ಮನೆಯದ್ದೂ ಅದೇ. ಜೇನುತುಪ್ಪದ ಬಣ್ಣದ ಆ ನೆಲದ ಫೋಟೊ ತೆಗೆದು ಊರಿಗೆ ಕಳಿಸಿದ್ದೆ. ಅಪ್ಪಯ್ಯನಿಗೆ ಅದು ನೆನಪಿತ್ತು, ಮ್ಯೂಸಿಯಮ್ಮಿನಲ್ಲಿ ಅಂಥದ್ದೇ ಹಲಗೆಯ ಮೇಲೆ ಕೈಯಾಡಿಸಿ, "ನೀನು ತುಳಿದಾಡಿದ್ದು ಇದನ್ನೇ?" ಅಂದ್ರು.

ಮ್ಯೂಸಿಯಮ್ಮಿನ ಒಂದು ಗೋಡೆಯ ಮೇಲೆ ಹಳೆಯ ದೊಡ್ಡ ಮರಗಳ ಸುತ್ತಳತೆಯನ್ನು ಒಂದರೊಳಗೊಂದು ವೃತ್ತವಾಗಿ ಬರೆದಿದ್ದಾರೆ. ಈಗ ಬದುಕಿರುವ ದೊಡ್ಡ ಮರದ ವೃತ್ತ ಅದರಲ್ಲಿ ಒಳಗೆಲ್ಲೋ ಇದೆ. ಅದಕ್ಕಿಂತ ದೊಡ್ಡವು ಇದ್ದವು, ಹೋದವು. ಇನ್ನೊಂದು ಕೋಣೆ ತುಂಬ ಕೌರಿಯ ರಾಳ. ಬಂಗಾರದ ಬಣ್ಣದ ಗಟ್ಟಿಗಳು, ಕಲ್ಲುಸಕ್ಕರೆಯಂತೆ. ಕಾಡು ಸತ್ತು ಸಾವಿರಾರು ವರ್ಷವಾದ ಮೇಲೂ ನೆಲದೊಳಗೆ ಉಳಿದ ಈ ರಾಳವನ್ನು ಅಗೆದು ತೆಗೆದು, ವಾರ್ನಿಷ್ ಮಾಡೋದಕ್ಕೆ ಹಡಗಿನಲ್ಲಿ ಹೊರದೇಶಗಳಿಗೆ ಕಳಿಸುತ್ತಿದ್ದರು. ಅಪ್ಪಯ್ಯನಿಗೆ ನಮ್ಮ ಕಡೆಯ ಸಾಲುಧೂಪ, ಹಾಲುಮಡ್ಡಿ ನೆನಪಾಯಿತು. "ಕೆತ್ತಿ ಕೆತ್ತಿ ಧೂಪದ ಮರವನ್ನೂ ಹಿಂಗೇ ಮುಗ್ಸಿದ್ರು" ಅಂದವರು, ಅಲ್ಲಿಂದ ಹೊರಗೆ ಬರುವವರೆಗೆ ಬೇರೆ ಮಾತಾಡಲಿಲ್ಲ.

ಡಾರ್ಗವಿಲ್ ಅನ್ನುವ ಸಣ್ಣ ಪೇಟೆ ಆಮೇಲೆ ಸಿಗುತ್ತದೆ. ಗೆಣಸಿಗೆ ಹೆಸರಾದ ಊರು. ಮಾವೊರಿಯಲ್ಲಿ ಗೆಣಸಿಗೆ 'ಕುಮರಾ' ಅಂತಾರೆ. ಅಮ್ಮ ಒಂದು ಚೀಲ ಕೊಂಡಳು. ಬೇಯಿಸಿ ತಿಂದು, ನಮ್ಮೂರಿನದೇ ಸಿಹಿ ಅಂತ ತೀರ್ಪನ್ನೂ ಕೊಟ್ಟಳು. ಅದಿರಲಿ.

ಡಾರ್ಗವಿಲ್ ದಾಟಿ ಸುಮಾರು ಒಂದು ಗಂಟೆ ಹೋದ ಮೇಲೆ ಬಯಲು ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ರಸ್ತೆ ಕಿರಿದಾಗಿ, ತಿರುವು ಹೆಚ್ಚಾಗಿ, ಎರಡೂ ಕಡೆ ಮರಗಳು ಒತ್ತಿಕೊಂಡು ಬರುತ್ತವೆ. ಆಗುಂಬೆ ಘಾಟಿಯಲ್ಲಿ ಬಸ್ಸು ಇಳಿಯುವಾಗ ಬರುವಂಥದೇ ತಂಪು. ಕಿಟಕಿ ಇಳಿಸಿದ ಅಪ್ಪಯ್ಯ ಕೂತಲ್ಲಿಂದಲೇ ಎದ್ದಂತೆ ಮಾಡಿ, "ಏ, ನಿಲ್ಸಿ ನಿಲ್ಸಿ! ಅಡಿಕೆ ಮರ!" ಅಂದ್ರು.

ನನ್ನ ಗಂಡ ಕಾರು ನಿಲ್ಲಿಸಿದರು. ಅದು ನಿಕಾವ್. ನ್ಯೂಜಿಲೆಂಡಿನ ಮುಖ್ಯ ದ್ವೀಪಗಳಲ್ಲಿ ತಾನಾಗಿ ಬೆಳೆಯುವ ತಾಳೆಜಾತಿ ಅಂದರೆ ಇದೊಂದೇ. ಅಡಿಕೆಯ ಕುಟುಂಬದ್ದೇ ಮರ. ಕಾಂಡದ ಮೇಲೆ ಅದೇ ಉಂಗುರದ ಗುರುತು, ಮೇಲೆ ಅದೇ ಹಸಿರು ಹಾಳೆಯ ದಂಟು. ಆದರೆ ಸೋಗೆ ಬಾಗದೆ, ತಲೆಗೂದಲು ನಿಮಿರಿದ ಹಾಗೆ ಮೇಲಕ್ಕೆ ನಿಂತಿರುತ್ತದೆ. ನಾಲ್ಕು ವರ್ಷದಿಂದ ಈ ದೇಶದಲ್ಲಿರುವ ನನಗೆ ಅದು ಒಂದು ದಿನವೂ ಅಡಿಕೆ ಮರದ ಹಾಗೆ ಕಂಡಿರಲಿಲ್ಲ. ಅಪ್ಪಯ್ಯನಿಗೆ ಓಡುವ ಕಾರಿನಿಂದ ಕಂಡಿತು.

ಈ ಕಾಡು ಉಳಿದದ್ದೂ ಸುಮ್ಮನೆ ಅಲ್ಲ. 1876ರಲ್ಲಿ ಸರ್ಕಾರ ವೈಪೊವಾವನ್ನು ಮಾವೊರಿಗಳಿಂದ ಕೊಂಡಿತು. ದೂರ, ದುರ್ಗಮ ಅನ್ನೋ ಕಾರಣಕ್ಕೆ ಕೊಡಲಿ ಇಲ್ಲಿಗೆ ತಡವಾಗಿ ಬಂತು. ಬಂದ ಮೇಲೆ ಕಡಿಯೋದಕ್ಕೆ ಅರಣ್ಯ ಇಲಾಖೆಯೇ ನಿಂತಿತ್ತು. ಆಕ್ಲೆಂಡ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ವಿಲಿಯಂ ಮೆಕ್‌ಗ್ರೆಗರ್ ಮತ್ತು ಅವರ ಜೊತೆಯವರು ಸಹಿ ಸಂಗ್ರಹಿಸಿ, ಸರ್ಕಾರದ ಬೆನ್ನು ಬಿದ್ದು, ಕೊನೆಗೆ 1952ರಲ್ಲಿ ಇದನ್ನು ಅಭಯಾರಣ್ಯ ಅಂತ ಘೋಷಿಸುವ ಹಾಗೆ ಮಾಡಿದರು. ಈಗ ಇಲ್ಲಿ ತೆ ರೊರೊವಾ ಅನ್ನುವ ಬುಡಕಟ್ಟಿನವರು ಅರಣ್ಯ ಸಂರಕ್ಷಣೆಯ ಇಲಾಖೆಯ ಜೊತೆ ಸೇರಿ ಕಾಡು ನೋಡಿಕೊಳ್ಳುತ್ತಾರೆ. ಅವರ ಪೂರ್ವಜರ ನೆಲ ಇದು.

ಮರ ರಸ್ತೆಯಿಂದ ಐದು ನಿಮಿಷದ ನಡಿಗೆ ಅಷ್ಟೇ. ಆದರೆ ನಡೆಯೋದಕ್ಕೆ ಮೊದಲು ಒಂದು ಕೆಲಸ ಇದೆ. ದಾರಿಯ ಬಾಯಲ್ಲೇ ಒಂದು ಗೇಟಿನಂಥ ಕಟ್ಟಡ. ಅದರೊಳಗೆ ಹಾಯದೆ ಮುಂದೆ ಹೋಗೋ ಹಾಗಿಲ್ಲ. ಮೊದಲು ಬೂಟಿನ ಅಡಿಯಲ್ಲಿ ಅಂಟಿದ ಮಣ್ಣನ್ನು ಬ್ರಷ್ಷಿಗೆ ಉಜ್ಜಿ ಪೂರ್ತಿ ತೆಗೀಬೇಕು. ಆಮೇಲೆ ಕ್ರಿಮಿನಾಶಕ ಔಷಧಿಯಲ್ಲಿ ಅಂಗಾಲು ತೋಯಿಸಬೇಕು. ಹೊರಗೆ ಬರುವಾಗಲೂ ಅದೇ ಕ್ರಮ.

ಅಮ್ಮನಿಗೆ ಇದು ಬಹಳ ಸಹಜವಾಗಿ ಕಂಡಿತು. ದೇವಸ್ಥಾನಕ್ಕೆ ಹೋಗುವಾಗ ಕಾಲು ತೊಳೆಯೋದಿಲ್ವಾ? ಉಜ್ಜಿಕೊಂಡು ನಿಂತಳು. ಅಪ್ಪಯ್ಯನಿಗೆ ಮಾತ್ರ ಕಾರಣ ಬೇಕು.

"ಎಂತಕ್ಕೆ ಇದೆಲ್ಲ? ಕಾಡಿಗೆ ಹೋಗಕ್ಕೆ ಕಾಲು ತೊಳೀಬೇಕಾ? ಕಾಡಿಂದ ಬಂದ ಮೇಲೆ ತೊಳೀಬೇಕು."

"ಮಣ್ಣಲ್ಲಿ ರೋಗ ಇದೆ ಅಪ್ಪಯ್ಯ. ನಮ್ಮ ಬೂಟಿಗೆ ಅಂಟಿಕೊಂಡು ಬಂದು ಮರಕ್ಕೆ ತಗಲುತ್ತೆ."

"ಎಂತ ರೋಗ?"

ಹಲಗೆಯ ಮೇಲೆ ಬರೆದಿದ್ದ ಹೆಸರನ್ನು ಓದಿದೆ. ಫೈಟಾಫ್ತೊರಾ ಅಗಾಥಿಡಿಸೈಡಾ.

ಅಪ್ಪಯ್ಯ ಬ್ರಷ್ಷಿನ ಮೇಲಿಟ್ಟ ಕಾಲನ್ನು ಹಾಗೇ ಇಟ್ಟುಕೊಂಡು ನನ್ನ ಮುಖ ನೋಡಿದರು. "ಫೈಟಾಫ್ತೊರಾ? ನಮ್ಮ ಫೈಟಾಫ್ತೊರಾನೇ?"

ಇಂಗ್ಲಿಷು ಅಷ್ಟಾಗಿ ಬಾರದ ನಮ್ಮಪ್ಪಯ್ಯನಿಗೆ ಈ ಗ್ರೀಕ್ ಹೆಸರು ಹೇಗೆ ಗೊತ್ತು ಅಂತ ಮಲೆನಾಡಿನ ಓದುಗರು ಕೇಳೋದಿಲ್ಲ, ಉಳಿದವರಿಗೆ ಹೇಳುತ್ತೇನೆ. ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆರೋಗ ಇದೇ ಜಾತಿಯದ್ದು. ಕಾಯಿ ಕೊಳೆತು ರಾಶಿ ರಾಶಿ ಉದುರುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಇದನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯೋದನ್ನು ನಮ್ಮ ಕಡೆಯ ಬೆಳೆಗಾರರಿಗೆ ಕಲಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟದ ಆ ಔಷಧಿಯೇ ಇವತ್ತಿಗೂ ನಮ್ಮ ಅಡಿಕೆ ಕಾಯುತ್ತಿರೋದು. ಕಾಳುಮೆಣಸಿನ ಸೊರಗು ರೋಗವೂ ಫೈಟಾಫ್ತೊರಾವೇ, ಅದರಲ್ಲಿ ಬೇರೊಂದು ಪ್ರಭೇದ. ಅದು ಇನ್ನೂ ಕ್ರೂರಿ, ಮಣ್ಣಲ್ಲಿ ಕೂತು ಬೇರಿನಿಂದ ಹಿಡಿಯುತ್ತದೆ. ಇವತ್ತು ಹಸಿರಾಗಿದ್ದ ಬಳ್ಳಿ ಮೂರು ವಾರದಲ್ಲಿ ಒಣಗಿ ಮರದಿಂದ ಜೋತುಬೀಳುತ್ತದೆ. 2018 ಮತ್ತು 2019ರ ಆಗಸ್ಟಿನ ಆ ಭಯಂಕರ ಮಳೆ ನೆನಪಿರಬೇಕಲ್ಲ. ಆ ಎರಡು ಮಳೆಗಾಲದಲ್ಲಿ ನಮ್ಮ ತೋಟದ ಮುನ್ನೂರು ಬಳ್ಳಿಯಲ್ಲಿ ಉಳಿದದ್ದು ನಲವತ್ತು ಚಿಲ್ಲರೆ. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಆ ಬಳ್ಳಿಗಳು. ಕೃಷಿ ವಿಜ್ಞಾನಿಗಳು ಊರಿಗೆ ಬಂದು ಸಭೆ ಮಾಡಿ ಹೇಳಿದ ಹೆಸರನ್ನು ಅಪ್ಪಯ್ಯ ಮರೆಯೋದಾದರೂ ಹೇಗೆ?

ಫೈಟಾಫ್ತೊರಾ ಅಂದರೆ ಗ್ರೀಕಿನಲ್ಲಿ ಗಿಡ ನಾಶಕ ಅಂತ ಅರ್ಥ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಲಕ್ಷಾಂತರ ಜನ ಹಸಿವಿನಿಂದ ಸಾಯುವ ಹಾಗೆ ಮಾಡಿದ್ದೂ ಇದರ ಕುಟುಂಬವೇ. ನೋಡೋದಕ್ಕೆ ಶಿಲೀಂಧ್ರದ ಹಾಗಿದ್ದರೂ ಶಿಲೀಂಧ್ರ ಅಲ್ಲ. ಹತ್ತಿರದ ನೆಂಟಸ್ತನ ಇರೋದು ಸಮುದ್ರದ ಕಂದು ಪಾಚಿಯ ಜೊತೆ. ಅದರ ಬೀಜಾಣುಗಳು ಮಣ್ಣಿನ ತೇವದಲ್ಲಿ ಈಜುತ್ತವೆ. ಈಜಿ ಬೇರನ್ನು ಹುಡುಕಿಕೊಂಡು ಹೋಗುತ್ತವೆ. ನೀರಿಲ್ಲದಾಗ ಗಟ್ಟಿ ಚಿಪ್ಪಿನೊಳಗೆ ವರ್ಷಗಟ್ಟಲೆ ಮಣ್ಣಲ್ಲಿ ಮಲಗಿರುತ್ತವೆ. ಕೌರಿಯನ್ನು ಹಿಡಿಯುವ ಪ್ರಭೇದವನ್ನು ಬೇರೆಯದೇ ಅಂತ ಗುರುತಿಸಿದ್ದು 2008ರಲ್ಲಿ, ಅದಕ್ಕೊಂದು ಅಧಿಕೃತ ಹೆಸರು ಸಿಕ್ಕಿದ್ದು 2015ರಲ್ಲಿ. ಕೌರಿಯ ಶಾಸ್ತ್ರೀಯ ಹೆಸರು ಅಗಾಥಿಸ್. ಹಾಗಾಗಿ ಇದು 'ಅಗಾಥಿಸ್ ಹಂತಕ'. ಕೌರಿಯ ಆಹಾರ ಹೀರುವ ಬೇರುಗಳು ಕೂದಲಿನ ಹಾಗೆ ತೆಳು, ತರಗೆಲೆಯ ಕೆಳಗೆ ಮೇಲುಮೇಲಕ್ಕೇ ಹರಡಿರುತ್ತವೆ. ಒಂದು ಚಿಟಿಕೆ ಮಣ್ಣು ಬಿದ್ದರೂ ಸಾಕು. ಬೇರು ಕೊಳೆತು, ಬುಡದಲ್ಲಿ ರಾಳ ಒಸರಿ, ಎಲೆ ಹಳದಿಯಾಗಿ, ಕೊಂಬೆ ಬೋಳಾಗಿ ಮರ ಸಾಯುತ್ತದೆ. ಪೂರ್ತಿ ಗುಣ ಮಾಡುವ ಔಷಧಿ ಇಲ್ಲ.

ಇಷ್ಟನ್ನು ಆ ಗೇಟಿನಲ್ಲಿ ನಿಂತು ವಿವರಿಸಲಿಲ್ಲ ಅನ್ನಿ. ವಿವರಿಸುವ ಅಗತ್ಯವೂ ಬೀಳಲಿಲ್ಲ. ಅಪ್ಪಯ್ಯ ಬೂಟನ್ನು ಎರಡನೇ ಸಲ ಉಜ್ಜಿದರು. ಬೂಟಿನ ಅಡಿಯ ಗೆರೆಗಳ ಮಧ್ಯೆ ಕಡ್ಡಿ ಹಾಕಿ ಕೆದಕಿದರು. ಹಿಂದೆ ಬಂದ ಒಬ್ಬ ಹುಡುಗ ಅವಸರದಲ್ಲಿ ದಾಟಿಹೋಗಲು ನೋಡಿದಾಗ, "ಏ ತಮ್ಮಾ, ಬಾ ಇಲ್ಲಿ" ಅಂತ ಕನ್ನಡದಲ್ಲೇ ಕರೆದು ಬ್ರಷ್ಷಿನ ಕಡೆ ಕೈ ತೋರಿಸಿದರು. ಹುಡುಗ ಬಂದು ಉಜ್ಜಿಕೊಂಡ!

ಅಲ್ಲಿಂದ ಮುಂದೆ ನೆಲಕ್ಕೆ ಕಾಲು ತಾಗೋದಿಲ್ಲ, ಹಲಗೆಯ ಸೇತುವೆಯ ಮೇಲೇ ದಾರಿ. ಒಂದು ತಿರುವು ದಾಟಿದರೆ ಎದುರಿಗೆ ಅವನು. ತಾನೆ ಮಹುತಾ. ಮಾವೊರಿಯಲ್ಲಿ ಕಾಡಿನ ಒಡೆಯ ಅಂತ ಅರ್ಥ. ನಮ್ಮ ಕಿವಿಗೆ 'ತಾನೇ' ಅಂತ ಕೇಳಿಸುತ್ತದೆ, ನೋಡಿದಾಗ ಅದೂ ಸರಿಯೇ ಅನಿಸುತ್ತದೆ.

ಮೊದಲು ನೋಡಿದಾಗ ಅದು ಮರ ಅಂತ ಅನಿಸೋದಿಲ್ಲ. ಕಾಡಿನ ಮಧ್ಯೆ ಯಾರೋ ಬೂದು ಬಣ್ಣದ ಗೋಡೆ ಕಟ್ಟಿದ ಹಾಗೆ. ಕಣ್ಣು ಮೇಲೆ ಮೇಲೆ ಹೋಗಿ ಕೊಂಬೆ ಸಿಕ್ಕ ಮೇಲೆ, ಓ ಇದು ಮರ! ಸುತ್ತಳತೆ 13.77 ಮೀಟರ್. ಎಂಟು ಜನ ಕೈ ಕೈ ಹಿಡಿದು ನಿಂತರೂ ತಬ್ಬಲಾಗದು. ಎತ್ತರ 51 ಮೀಟರಿಗೂ ಹೆಚ್ಚು. ನಮ್ಮ ತೋಟದ ಅತಿ ಎತ್ತರದ ಮುದಿ ಅಡಿಕೆ ಮರಗಳನ್ನು ಒಂದರ ಮೇಲೊಂದು ಎರಡು ನಿಲ್ಲಿಸಿದರೂ ಅದರ ತುದಿ ಮುಟ್ಟೋದಿಲ್ಲ. ಕೊಂಬೆ ಶುರುವಾಗುವವರೆಗೆ ಬರೀ ಕಾಂಡವೇ ಹದಿನೇಳು ಮೀಟರಿಗಿಂತ ಹೆಚ್ಚು. ಬುಡದಿಂದ ಅಲ್ಲಿಯವರೆಗೆ ದಪ್ಪ ಕಮ್ಮಿಯಾದ ಹಾಗೇ ಕಾಣೋದಿಲ್ಲ. ವಯಸ್ಸು ಎರಡು ಸಾವಿರ ವರ್ಷ ಇರಬಹುದು ಅಂತ ಒಂದು ಅಂದಾಜು. ಹಲ್ಮಿಡಿ ಶಾಸನ ಕೆತ್ತುವಾಗ ಇದು ಆಗಲೇ ದೊಡ್ಡ ಮರ ಅಂತಾಯಿತು. ಹೊರಗಿನವರ ಕಣ್ಣಿಗೆ ಬಿದ್ದದ್ದು 1920ರ ದಶಕದಲ್ಲಿ, ಈಗ ನಾವು ಬಂದ ರಸ್ತೆಗೆ ಸರ್ವೆ ಮಾಡುವಾಗ.

ತೊಗಟೆ ಸುತ್ತಿಗೆಯಿಂದ ಬಡಿದ ತಾಮ್ರದ ಹಂಡೆಯ ಹಾಗೆ ಚುಕ್ಕಿ ಚುಕ್ಕಿ. ಕೌರಿ ತನ್ನ ತೊಗಟೆಯನ್ನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತಲೇ ಇರುತ್ತದೆ. ಹಾಗಾಗಿ ಬಳ್ಳಿ, ಬದನಿಕೆ ಕಾಂಡಕ್ಕೆ ಹತ್ತಿಕೊಳ್ಳಲು ಆಗೋದಿಲ್ಲ. ಮೇಲೆ ಕೊಂಬೆಯ ಕವಲಿನಲ್ಲಿ ಮಾತ್ರ ಒಂದು ತೋಟವೇ ಇದೆ. ಹುಲ್ಲಿನಂಥ ಗಿಡ, ಜರಿ, ಪೊದೆ. ಮಾವೊರಿಗಳ ಒಂದು ಕತೆ ನನಗೆ ಬಹಳ ಇಷ್ಟ. ತಿಮಿಂಗಿಲ ಮತ್ತು ಕೌರಿ ಸ್ನೇಹಿತರು. ಸಮುದ್ರಕ್ಕೆ ಬಾ ಅಂತ ತಿಮಿಂಗಿಲ ಕರೆಯಿತಂತೆ, ನಾನು ಕಾಡು ಬಿಟ್ಟು ಬರಲಾರೆ ಅಂತ ಕೌರಿ ಹೇಳಿತಂತೆ. ಹಾಗಾದರೆ ಚರ್ಮವನ್ನಾದರೂ ಬದಲಾಯಿಸಿಕೊಳ್ಳೋಣ ಅಂತ ಬದಲಾಯಿಸಿಕೊಂಡವಂತೆ. ಕೌರಿಯ ತೊಗಟೆ ತೆಳು, ಒಳಗೆಲ್ಲ ರಾಳ ತುಂಬಿರೋದು ಅದಕ್ಕೇ. ಇನ್ನೊಂದು ಕತೆಯಲ್ಲಿ ತಾನೆ ಅನ್ನೋನು ಆಕಾಶ ತಂದೆ ಮತ್ತು ಭೂಮಿ ತಾಯಿಯ ಮಗ. ಅವರಿಬ್ಬರೂ ಬಿಗಿಯಾಗಿ ಅಪ್ಪಿಕೊಂಡೇ ಇದ್ದುದರಿಂದ ಮಕ್ಕಳಿಗೆ ಬರೀ ಕತ್ತಲೆ. ತಾನೆ ಬೆನ್ನನ್ನು ಭೂಮಿಗೆ ಕೊಟ್ಟು, ಕಾಲಿನಿಂದ ಆಕಾಶವನ್ನು ಮೇಲಕ್ಕೆ ತಳ್ಳಿ ಬೆಳಕು ತಂದ. ಆ ಮರದ ಕೆಳಗೆ ನಿಂತು ಈ ಕತೆ ಹೇಳಿದರೆ ಯಾರೂ ನಂಬದೆ ಇರೋದಿಲ್ಲ.

ಅಮ್ಮ ಸೆರಗು ಹೊದ್ದು ಕೈಮುಗಿದಳು. ಆಮೇಲೆ ಮೆಲ್ಲಗೆ, "ಒಂದು ಸುತ್ತು ಬರಕ್ಕಾಗುತ್ತಾ?" ಅಂತ ಕೇಳಿದಳು. ಆಗೋದಿಲ್ಲ. ಕಟಾಂಜನದಾಚೆ ಯಾರೂ ಹೋಗುವ ಹಾಗಿಲ್ಲ. ಮುಟ್ಟೋದಂತೂ ದೂರದ ಮಾತು. ಊರಿನಲ್ಲಿ ಚೌಡಿ ಬನದ ಮರಕ್ಕೆ ಕುಂಕುಮ ಹಚ್ಚಿ ಸುತ್ತು ಬಂದು ರೂಢಿಯಾದ ಅಮ್ಮನಿಗೆ ಇದು ಸಮಾಧಾನವಾಗಲಿಲ್ಲ. "ಹತ್ತಿರ ಹೋಗದೆ ಎಂತ ದರ್ಶನ?"

ಅಲ್ಲಿ ತೆ ರೊರೊವಾ ಬುಡಕಟ್ಟಿನ ಒಬ್ಬ ಹೆಂಗಸು ಕೂತಿದ್ದರು. ಬಂದವರಿಗೆ ಕಾಡಿನ ಬಗ್ಗೆ ಹೇಳೋದು, ಕಟಾಂಜನ ದಾಟದ ಹಾಗೆ ನೋಡಿಕೊಳ್ಳೋದು ಅವರ ಕೆಲಸ. ಅಮ್ಮ ಕೈಮುಗಿದಿದ್ದನ್ನು ನೋಡಿ ತಾವೇ ಎದ್ದು ಬಂದು "ಕಿಯಾ ಓರಾ" ಅಂದರು. ಅಮ್ಮ ಕೇಳಿದ್ದನ್ನು ಹೇಳಿದೆ. ಅವರು ನಕ್ಕು, ನನಗೂ ತಬ್ಬಿಕೊಳ್ಳಬೇಕು ಅನಿಸುತ್ತೆ, ನಾನೂ ಹೋಗೋದಿಲ್ಲ ಅಂದರು. ಅಮ್ಮನಿಗೆ ಅರ್ಥವಾದದ್ದು ಆಗ.

ಅಪ್ಪಯ್ಯನ ಪ್ರಶ್ನೆ ಬೇರೆ. "ಈ ಮರಕ್ಕೆ ಬಂದಿದ್ಯಾ?"

ಈ ಮರಕ್ಕೆ ಬಂದಿಲ್ಲ. ಆದರೆ 2018ರಲ್ಲಿ ಇಲ್ಲಿಂದ ಸುಮಾರು 60 ಮೀಟರ್ ದೂರದ ಒಂದು ಕೌರಿಯಲ್ಲಿ ರೋಗ ಪತ್ತೆಯಾಗಿತ್ತು. ಅರವತ್ತು ಮೀಟರ್ ಅಂದರೆ ನಮ್ಮ ಮನೆಯಂಗಳದಿಂದ ದಣಪೆಗೆ ಇರುವಷ್ಟೇ ದೂರ. ಅಪ್ಪಯ್ಯ ತಿರುಗಿ ಕಾಡಿನೊಳಗೆ ನೋಡಿದರು, ಆ ಮರ ಕಾಣುತ್ತದೇನೋ ಅನ್ನೋ ಹಾಗೆ. ಆಮೇಲೆ ಫೋನ್ ತೆಗೆದು, ಹುಡುಕಿ ಹುಡುಕಿ, 2019ರ ಫೋಟೊಗಳನ್ನು ಆ ಹೆಂಗಸಿಗೆ ತೋರಿಸಿದರು. ಅಡಿಕೆ ಮರದಿಂದ ಹರಿದ ಬಟ್ಟೆಯಂತೆ ಜೋತುಬಿದ್ದ ಕಪ್ಪು ಬಳ್ಳಿಗಳು, ಕಿತ್ತು ರಾಶಿ ಹಾಕಿದ ಬೇರು. ನಾನು ಮಧ್ಯೆ ನಿಂತು ಅನುವಾದ ಮಾಡುತ್ತಿದ್ದೆ. ಆದರೆ ಫೋಟೊ ನೋಡುವಾಗ ಅವರಿಬ್ಬರಿಗೆ ನನ್ನ ಅಗತ್ಯ ಅಷ್ಟಾಗಿ ಇರಲಿಲ್ಲ.

ಏನು ಔಷಧಿ ಕೊಟ್ಟಿರಿ ಅಂತ ಅವರು ಕೇಳಿದರು. ಬುಡಕ್ಕೆ ಬೋರ್ಡೋ, ಎಲೆಗೆ ಪೊಟ್ಯಾಸಿಯಂ ಫಾಸ್ಫೊನೇಟ್ ಅಂತ ಅಪ್ಪಯ್ಯ. ಇಲ್ಲೂ ಅದೇ ಬಳಗದ ಫಾಸ್ಫೈಟನ್ನು ಕೌರಿಯ ಕಾಂಡಕ್ಕೆ ಇಂಜೆಕ್ಷನ್ ಮಾಡಿ ನೋಡಿದ್ದಾರೆ. ಮರ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಗಾಯ ಹರಡೋದು ನಿಲ್ಲುತ್ತದೆ. ಆದರೆ ಮಣ್ಣಲ್ಲಿರುವ ರೋಗಾಣು ಸಾಯೋದಿಲ್ಲ. ಏಳು ಸಾವಿರ ಮೈಲಿ ದೂರದ ಎರಡು ಕಾಡಂಚಿನ ಜನ ಒಂದೇ ಔಷಧಿಯ ಬಗ್ಗೆ, ಒಂದೇ ಅರ್ಧ ನಂಬಿಕೆಯಿಂದ ತಲೆಯಾಡಿಸುತ್ತಿದ್ದರು.

"ನಂದು ಬಳ್ಳಿ. ಕಿತ್ತು ಸುಟ್ಟೆ, ಮತ್ತೆ ನೆಟ್ಟೆ" ಅಂದರು ಅಪ್ಪಯ್ಯ. "ಇದನ್ನ ಎಂತ ಮಾಡ್ತಾರೆ ಕೇಳು."

ಕೇಳಿದೆ. ಕಾಯುತ್ತೇವೆ ಅಂದರು. ನನ್ನ ಅಜ್ಜಿ ಕಾದಳು, ನಾನು ಕಾಯುತ್ತಿದ್ದೇನೆ, ನನ್ನ ಮೊಮ್ಮಕ್ಕಳು ಕಾಯುತ್ತಾರೆ. ಅಷ್ಟು ಹೇಳಿ, ಸಹಜವಾಗಿ, ನಿಮ್ಮ ತೋಟವನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಅಂತ ಅಪ್ಪಯ್ಯನನ್ನು ಕೇಳಿದರು.

ನಾನು ಒಬ್ಬಳೇ ಮಗಳು. ಅನುವಾದ ಮಾಡಿದೆ. ಅಪ್ಪಯ್ಯ ಮರ ನೋಡುತ್ತಲೇ, "ಅದನ್ನ ನೀನೇ ಹೇಳು ಅವ್ರಿಗೆ" ಅಂದರು.

ನಾವಿನ್ನೂ ಮಾತಾಡಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಅದು ನಿಜವೂ ಹೌದು. ತೋಟಕ್ಕೆ ಕೊಳ್ಳುವವರು ಬಂದು ಹೋಗಿದ್ದಾರೆ ಅಂತ ನನಗೆ ಅಮ್ಮನಿಂದ ಗೊತ್ತಿತ್ತು. ನನಗೆ ಗೊತ್ತಿದೆ ಅಂತ ಅಪ್ಪಯ್ಯನಿಗೂ ಗೊತ್ತಿತ್ತು. ಆ ಹೆಂಗಸು ಮತ್ತೇನೂ ಕೇಳದೆ, 2013ರ ಬರಗಾಲದ ಕತೆ ಹೇಳಿದರು. ಆ ವರ್ಷ ಮಳೆಯಿಲ್ಲದೆ ತಾನೆ ಮಹುತಾ ಬಾಡುವ ಹಾಗೆ ಕಂಡಾಗ, ಹತ್ತಿರದ ತೊರೆಯಿಂದ ಹತ್ತು ಸಾವಿರ ಲೀಟರ್ ನೀರು ತಂದು ಬುಡಕ್ಕೆ ಕೊಟ್ಟರಂತೆ. ಎರಡು ಸಾವಿರ ವರ್ಷದ ಮರಕ್ಕೆ ನೀರು ಹಾಕೋದು! ಅಪ್ಪಯ್ಯನಿಗೆ ಖುಷಿಯಾಗಿ, "ಬ್ಯಾಸಿಗೆಲಿ ನಾವೂ ಅಡಿಕೆಗೆ ಹಾಕ್ತೀವಿ ಅನ್ನು" ಅಂದರು.

ನಾವು ಅಲ್ಲಿ ಒಂದೂವರೆ ಗಂಟೆ ಇದ್ದೆವು. ಅಷ್ಟರಲ್ಲಿ ಎರಡು ಬಸ್ಸು ಬಂದು ಹೋದವು. ಜನ ಬರುತ್ತಾರೆ, ಧ್ವನಿ ತಾನಾಗೇ ಇಳಿಯುತ್ತದೆ, ಫೋಟೊದಲ್ಲಿ ಮರ ಹಿಡಿಸೋದಿಲ್ಲ ಅಂತ ಒದ್ದಾಡಿ ಹೋಗುತ್ತಾರೆ. ಮೇಲೆ ಎಲ್ಲೋ ತೂಯಿ ಹಕ್ಕಿ ಗಂಟಲಲ್ಲಿ ಗಂಟೆ ಇಟ್ಟುಕೊಂಡ ಹಾಗೆ ಕೂಗುತ್ತಿತ್ತು. ಒಂದು ದಪ್ಪ ಕಾಡುಪಾರಿವಾಳ ರೆಕ್ಕೆ ಬಡಿದುಕೊಂಡು ದಾಟಿಹೋಯಿತು.

ಕಾಡನ್ನು ಹೀಗೆ ಬೇಲಿಯಾಚೆ ಇಡೋದು ಸರಿಯೇ ಅನ್ನುವ ವಾದ ಇಲ್ಲೂ ಇದೆ. ನಡೆಯುವವರನ್ನು ದೂರ ಇಟ್ಟರೆ ಕಾಡಿನ ಮೇಲೆ ಪ್ರೀತಿ ಹೇಗೆ ಬರುತ್ತದೆ, ಕಾಡುಹಂದಿಗಳೂ ಮಣ್ಣು ಹೊತ್ತೊಯ್ಯುತ್ತವಲ್ಲ ಅಂತ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳೋದಾದರೆ, ಬ್ಯಾಕಪ್ ಇಲ್ಲದ ಸಿಸ್ಟಮ್ಮಿನಲ್ಲಿ ಯಾರೂ ಪ್ರಯೋಗ ಮಾಡೋದಿಲ್ಲ. ಇದಕ್ಕೆ ಬ್ಯಾಕಪ್ ಬೇಕಾದರೆ ಎರಡು ಸಾವಿರ ವರ್ಷ ಬೇಕು. ಅದಕ್ಕೇ ನನಗೆ ಬೇಲಿ ಸರಿ ಅನಿಸುತ್ತದೆ. ನಮ್ಮ ಮಲೆನಾಡಿನ ಬೆಟ್ಟಗಳಿಗೆ ವಾರಾಂತ್ಯ ಹತ್ತುವ ಜೀಪಿನ ಸಾಲು ನೋಡಿದವರಿಗೆ ಇನ್ನೂ ಬೇಗ ಸರಿ ಅನಿಸೀತು.

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪಯ್ಯ ಲೆಕ್ಕ ಹಾಕುತ್ತಾ ಕೂತರು. ಕೊನೆ ತೆಗೆಯುವವರು ಬೆಳಿಗ್ಗೆ ಯಾರ ತೋಟದಿಂದ ಬರುತ್ತಾರೆ, ಮೆಣಸು ಕೊಯ್ಯುವವರ ಏಣಿ ಎಷ್ಟು ತೋಟ ತಿರುಗುತ್ತದೆ, ಔಷಧಿ ಹೊಡೆಯುವವರ ಪೈಪು ಯಾರ ಯಾರ ಮಣ್ಣಲ್ಲಿ ಎಳೆದಾಡಿ ಬರುತ್ತದೆ ಅಂತ. "ಗಾಳಿ ಮಳೇಲಿ ಬರೋದನ್ನ ತಡ್ಯಕ್ಕಾಗಲ್ಲ. ಕಾಲಲ್ಲಿ ಬರೋದನ್ನ ತಡೀಬೌದಿತ್ತಲ್ಲ" ಅಂದರು. ಈಗ ಎಲೆಚುಕ್ಕಿ ರೋಗ ಬೇರೆ ಬಂದು ಅಡಿಕೆಯ ಸೋಗೆಯನ್ನೇ ಸುಡುತ್ತಿದೆ. ಅದು ಬೇರೆ ಜಾತಿ, ಗಾಳಿಯಲ್ಲಿ ಬರುವಂಥದ್ದು. ಆ ಮಾತು ಬಂದಾಗ ಅಪ್ಪಯ್ಯ ಕಿಟಕಿ ಕಡೆ ತಿರುಗಿದರು. ಡಾರ್ಗವಿಲ್ ಬರುವವರೆಗೂ ನಾನೂ ಮಾತಾಡಲಿಲ್ಲ. ಆಮೇಲೆ, ಕೊಳ್ಳುವವರಿಗೆ ಈ ವರ್ಷ ಏನೂ ಹೇಳಬೇಡ ಅಪ್ಪಯ್ಯ ಅಂದೆ. "ಹ್ಞೂಂ" ಅಂದರು.

ಹೋಗುವವರಿಗೆ ಒಂದೆರಡು ಮಾತು. ಆಕ್ಲೆಂಡಿನಿಂದ ಒಂದೇ ದಿನದಲ್ಲಿ ಹೋಗಿ ಬರೋದು ಆಯಾಸ, ವಯಸ್ಸಾದವರಿದ್ದರೆ ಡಾರ್ಗವಿಲ್‌ನಲ್ಲೋ ಹೊಕಿಯಾಂಗಾ ಕಡೆಯೋ ಒಂದು ರಾತ್ರಿ ಉಳಿಯಿರಿ. ಮಂಡಿ ನೋವಿದ್ದವರೂ ತಾನೆ ಮಹುತಾವನ್ನು ನೋಡಬಹುದು, ದಾರಿ ಸಮತಟ್ಟು. ಅದೇ ಕಾಡಿನಲ್ಲಿ ಸುತ್ತಳತೆಯಲ್ಲಿ ಇದಕ್ಕಿಂತ ದಪ್ಪದ ತೆ ಮಟುವಾ ನಹೆರೆ ಇದೆ. ಹೊರಡುವ ಮೊದಲು ಯಾವ ದಾರಿ ತೆರೆದಿದೆ ಅಂತ ವಿಚಾರಿಸಿಕೊಳ್ಳಿ. ಮನೆಯಿಂದಲೇ ಬೂಟು ತೊಳೆದುಕೊಂಡು ಹೋಗಿ, ಊರಿನ ತೋಟದ ಮಣ್ಣು ಅಂಟಿದ ಚಪ್ಪಲಿಯನ್ನಂತೂ ಈ ದೇಶಕ್ಕೇ ತರಬೇಡಿ. ವಿಮಾನ ನಿಲ್ದಾಣದಲ್ಲೇ ಪರೀಕ್ಷೆ ಮಾಡುತ್ತಾರೆ.

ಅಪ್ಪಯ್ಯ ಮೇ ಕೊನೆಯಲ್ಲಿ ಊರಿಗೆ ಹೋದರು. ಜೂನ್ ಎರಡನೇ ವಾರ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ತೋಟದ ದಣಪೆಯ ಹತ್ತಿರ ಒಂದು ನೀರಿನ ಬಕೆಟ್, ತೆಂಗಿನ ನಾರಿನ ಬ್ರಷ್, ಪಕ್ಕದ ಬುಟ್ಟಿಯಲ್ಲಿ ಮೈಲುತುತ್ತದ ನೀಲಿ ದ್ರಾವಣ. ಕೊನೆ ತೆಗೆಯುವವರು ನಗುತ್ತಾರಂತೆ. ಕಾಲು ಅದ್ದದೆ ಇದ್ದರೆ ಬೆಳಿಗ್ಗೆಯ ಕಾಫಿ ಇಲ್ಲ ಅಂತ ಅಮ್ಮ ಹೇಳಿದ್ದಾಳಂತೆ.